ಪೇಪರ್ ಹಾಕಿದ ಮೇಲೆ

ನನ್ನ ಟೀ ಶರ್ಟಿನ ಅಳತೆ ಕೇಳಿದ್ದರು. ಅದಕ್ಕೇ ನಂಬಿದೆ.

ಹೆಬ್ಬಾಳದ ಸರ್ವಿಸ್ ರಸ್ತೆಯ ಪಕ್ಕದ ಗಾಜಿನ ಕಟ್ಟಡದಲ್ಲಿ ಕೊನೆಯ ಸುತ್ತಿನ ಸಂದರ್ಶನ ಮುಗಿದಿತ್ತು. ಅಲ್ಲಿನ ಎಚ್‌ಆರ್ ಹುಡುಗಿ ಲಿಫ್ಟಿನವರೆಗೂ ನನ್ನ ಜೊತೆ ಬಂದಳು. "ಹೊಸಬರಿಗೆ ಮೊದಲ ದಿನ ಒಂದು ಕಿಟ್ ಕೊಡ್ತೀವಿ ಮೇಡಂ. ಬ್ಯಾಗು, ಬಾಟಲು, ಟೀ ಶರ್ಟು. ನಿಮ್ದು ಲಾರ್ಜಾ, ಎಕ್ಸ್‌ಟ್ರಾ ಲಾರ್ಜಾ?" ಎಂದು ಕೇಳಿದಳು. ನಲವತ್ತು ದಾಟಿದ ಹೆಂಗಸು ನಾನು, ಇಳಕಲ್ ಸೀರೆ ಉಟ್ಟುಕೊಂಡು ಹೋಗಿದ್ದೆ. ನಾಚಿಕೊಂಡೇ "ಎಕ್ಸ್‌ಟ್ರಾ" ಅಂದೆ. ಬರೆದುಕೊಂಡಳು. ಕೆಲಸ ಕೊಡದವರು ಅಂಗಿಯ ಅಳತೆ ಯಾಕೆ ಬರೆದುಕೊಳ್ಳುತ್ತಾರೆ, ಹೇಳಿ.

ಲಿಫ್ಟಿನ ಬಾಗಿಲು ತೆರೆದ ಮೇಲೆ ಅವಳು ಇನ್ನೊಂದು ಮಾತು ಹೇಳಿದಳು. "ನಿಮ್ ನೋಟಿಸ್ ಪಿರಿಯಡ್ ಎರಡು ತಿಂಗಳು ಅಂದ್ರಲ್ಲ, ಅದೊಂದೇ ಪ್ರಾಬ್ಲಂ. ನಮ್ಗೆ ಅರ್ಜೆಂಟಿದೆ. ಲೇಟ್ ಮಾಡ್ದೆ ಪೇಪರ್ ಹಾಕ್ಬಿಡಿ ಮೇಡಂ. ಆಫರ್ ಲೆಟರ್ ಪ್ರೊಸೆಸ್‌ನಲ್ಲಿದೆ, ಬಂದೇ ಬರುತ್ತೆ."

ಪೇಪರ್ ಹಾಕುವುದು ಎಂದರೆ ನಮ್ಮ ಆಫೀಸುಗಳ ಭಾಷೆಯಲ್ಲಿ ರಾಜೀನಾಮೆ ಕೊಡುವುದು. ಕೊಟ್ಟ ಮೇಲೂ ಎರಡು ತಿಂಗಳು ಅಲ್ಲೇ ದುಡಿಯಬೇಕು. ಹೊಸ ಕಂಪನಿಯವರು ಕಾಯುವುದಿಲ್ಲ, ಹಳೆಯ ಕಂಪನಿಯವರು ಬಿಡುವುದಿಲ್ಲ. ಹೀಗಾಗಿ ಪತ್ರ ಕೈಗೆ ಬರುವ ಮೊದಲೇ ಜನ ಪೇಪರ್ ಹಾಕುತ್ತಾರೆ. ಎಲ್ಲರೂ ಹಾಕುತ್ತಾರೆ ಎಂಬುದೇ ಒಂದು ಧೈರ್ಯ.

ನಾನಾಗ ಗೊರಗುಂಟೆಪಾಳ್ಯದ ಹತ್ತಿರದ ಒಂದು ಪಂಪ್ ತಯಾರಿಸುವ ಕಾರ್ಖಾನೆಯಲ್ಲಿ ಪರ್ಚೇಸ್ ವಿಭಾಗದಲ್ಲಿದ್ದೆ. ಅಲ್ಲಿಯೇ ಕೂದಲು ನರೆಸಿಕೊಂಡವಳು. ಬೇರೆ ಕೆಲಸ ಹುಡುಕಿದ್ದಕ್ಕೆ ಕಾರಣ ಸರಳ. ನಮ್ಮ ಯಜಮಾನರು ವಿಮಾನ ನಿಲ್ದಾಣದ ಕಡೆ ಒಂದು ಸರಕು ಸಾಗಣೆ ಕಂಪನಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದರು. ಹಿಂದಿನ ದೀಪಾವಳಿಯ ಹೊತ್ತಿಗೆ ಅವರ ವಿಭಾಗವನ್ನೇ ಮುಚ್ಚಿದರು. ಅಂದಿನಿಂದ ಬ್ಯಾಟರಾಯನಪುರದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು ಅರ್ಜಿ ಕಳಿಸುವುದೇ ಅವರ ಕೆಲಸ. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳವೊಂದರಲ್ಲಿ. ಹೆಬ್ಬಾಳದವರು ಹೆಚ್ಚು ಕೊಡುತ್ತೇವೆಂದಿದ್ದರು. ಮನೆಗೂ ಹತ್ತಿರ.

"ಲೆಟರ್ ಕೈಗೆ ಬರ್ಲಿ ತಡಿ, ಆಮ್ಯಾಲ ಪೇಪರ್ ಹಾಕೀಯಂತ" ಎಂದರು ಯಜಮಾನರು. ಕೆಲಸ ಕಳೆದುಕೊಂಡವರಿಗೆ ಯಾವಾಗಲೂ ಇಷ್ಟು ಅನುಮಾನ ಇದ್ದೇ ಇರುತ್ತದೆ ಎಂದುಕೊಂಡು ನಾನು ಗದಗಿನಲ್ಲಿದ್ದ ಅವ್ವನಿಗೆ ಫೋನ್ ಮಾಡಿದೆ. ಅವ್ವ ಪಂಚಾಂಗ ನೋಡಿಯೇ ಮಾತಾಡುವವಳು. "ಅಯ್ಯ ನಮ್ಮವ್ವಾ, ಇದೇ ವಾರ ಮಣ್ಣೆತ್ತಿನ ಅಮಾಸಿ ಐತಿ. ಅದು ದಾಟಿತಂದ್ರ ಆಷಾಢ ಹತ್ತಿತು. ಆಷಾಢದಾಗ ಯಾರರ ಹೊಸಾ ಕೆಲಸಕ್ಕ ಕೈ ಹಾಕ್ತಾರೇನ? ಕೊಡೂದಿದ್ರ ಅಮಾಸಿಗಿಂತ ಮೊದಲ ಕೊಟ್ಟಬಿಡು."

ಕಂಪನಿಯ ಲೆಟರ್ ಅಮಾವಾಸ್ಯೆ ನೋಡಿಕೊಂಡು ಬರುವುದಿಲ್ಲ. ಕಾಯುತ್ತ ಕೂತರೆ ಆಷಾಢ ಕಳೆದು ಶ್ರಾವಣ ಬರಬೇಕು, ಅಷ್ಟರಲ್ಲಿ ಅರ್ಜೆಂಟಿದ್ದವರು ಬೇರೆ ಯಾರನ್ನಾದರೂ ಕರೆದುಕೊಂಡಾರು. ಇದು ನನ್ನ ಲೆಕ್ಕ. ಈಗ ಬರೆಯುವಾಗ ನಗು ಬರುತ್ತದೆ, ಆಗ ಅದು ಲೋಕದಲ್ಲೇ ಅತ್ಯಂತ ವಿವೇಕದ ಮಾತಾಗಿ ಕಂಡಿತ್ತು. ಅಮಾವಾಸ್ಯೆಗೆ ಮುಂಚೆಯೇ ನಮ್ಮ ಮ್ಯಾನೇಜರಿಗೆ ಇ-ಮೇಲ್ ಕಳಿಸಿಬಿಟ್ಟೆ. ಗೌರಿ ಹಬ್ಬದ ಹೊತ್ತಿಗೆ ನನ್ನ ಕೊನೆಯ ದಿನ ಎಂದಾಯಿತು. ಅವ್ವ ಅಲ್ಲಿ ಮಣ್ಣಿನ ಎತ್ತುಗಳಿಗೆ ಪೂಜೆ ಮಾಡಿ ನನ್ನ ಹೆಸರಿನಲ್ಲಿ ಒಂದು ಕಾಯಿ ಒಡೆಸಿದಳು.

ಆಷಾಢ ಹತ್ತಿತು. ಲೆಟರ್ ಬರಲಿಲ್ಲ.

ಮೊದಮೊದಲು ನನಗೆ ಅನುಮಾನವೇ ಇರಲಿಲ್ಲ. ದೊಡ್ಡ ಕಂಪನಿ, ಹತ್ತು ಜನ ಸಹಿ ಹಾಕಬೇಕು, ತಡವಾಗುತ್ತದೆ. ಆ ಹುಡುಗಿಗೆ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಹಾಕಿದೆ. ನೀಲಿ ಗೆರೆ ಬಿತ್ತು, ಓದಿದ್ದಾಳೆ. ಉತ್ತರವಿಲ್ಲ. ಇನ್ನೊಂದು ಹಾಕಿದೆ, ಕೈ ಮುಗಿಯುವ ಚಿತ್ರದ ಸಮೇತ. ಅದಕ್ಕೂ ನೀಲಿ ಗೆರೆ. ಆಮೇಲಾಮೇಲೆ ನೀಲಿಯೂ ಬೀಳಲಿಲ್ಲ. ಆದರೆ ಅವಳ ಫೋಟೊ ಮಾತ್ರ ಬದಲಾಯಿತು, ಯಾವುದೋ ಸಮುದ್ರದ ದಂಡೆಯಲ್ಲಿ ಕೈ ಚಾಚಿ ನಿಂತಿದ್ದಳು. ನನ್ನನ್ನು ನಡುನೀರಿನಲ್ಲಿ ನಿಲ್ಲಿಸಿ ಇವಳು ದಂಡೆಯಲ್ಲಿ ನಿಂತಿದ್ದಾಳಲ್ಲ ಎಂದು ಮೈಯೆಲ್ಲ ಉರಿಯಿತು.

ಹೆದರಿಕೆ ಹುಟ್ಟಿದ್ದು ಯಜಮಾನರ ಫೋನಿನಿಂದ ಕರೆ ಮಾಡಿದ ದಿನ. ಗೊತ್ತಿಲ್ಲದ ನಂಬರಾದ್ದರಿಂದ ಅವಳು ಎತ್ತಿದಳು. "ಹಲೋ, ಗುಡ್ ಮಾರ್ನಿಂಗ್" ಎಂದು ಜೇನಿನಂಥ ದನಿ. ನಾನು ಯಾರೆಂದು ಹೇಳಿದೆ. ಒಂದು ಕ್ಷಣ ಆ ಕಡೆ ಉಸಿರೂ ಕೇಳಿಸಲಿಲ್ಲ. "ಮೇಡಂ, ಮೀಟಿಂಗಲ್ಲಿದೀನಿ, ಆಮೇಲ್ ಕಾಲ್ ಮಾಡ್ತೀನಿ" ಎಂದು ಇಟ್ಟಳು. ಅಂದಿನಿಂದ ಯಜಮಾನರ ನಂಬರನ್ನೂ ಎತ್ತಲಿಲ್ಲ. ಆ ಒಂದು ಕ್ಷಣ ನನಗೆ ಎಲ್ಲ ಹೇಳಿಬಿಟ್ಟಿತ್ತು. ಒಲೆಯ ಮುಂದೆ ನಿಂತಿದ್ದೆ, ಅದನ್ನು ಆರಿಸಿ ಅಲ್ಲೇ ನೆಲಕ್ಕೆ ಕೂತೆ.

ಕೈಯಲ್ಲಿದ್ದ ಕೆಲಸ ಬಿಟ್ಟುಕೊಟ್ಟಿದ್ದೇನೆ, ಬರಬೇಕಾದ ಕೆಲಸ ಬಂದಿಲ್ಲ, ಗಂಡನಿಗೂ ಕೆಲಸವಿಲ್ಲ. ಇದನ್ನು ಎಷ್ಟು ಸಲ ತಿರುಗಿಸಿ ಹೇಳಿಕೊಂಡರೂ ಹಗುರವಾಗುತ್ತಿರಲಿಲ್ಲ. ಅನ್ನ ಕಲಸಿದರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸ್ನಾನಕ್ಕೆ ಹೋದರೂ ಬಕೆಟ್ಟಿನ ಪಕ್ಕದ ಗೂಡಿನಲ್ಲಿ ಫೋನ್ ಇಟ್ಟುಕೊಳ್ಳುತ್ತಿದ್ದೆ.

ನನ್ನ ಬಸ್ಸು ದಿನಾ ಆ ಗಾಜಿನ ಕಟ್ಟಡದ ಮುಂದೆಯೇ ಹೋಗುತ್ತಿತ್ತು. ಹೆಬ್ಬಾಳದ ಮೇಲ್ಸೇತುವೆ ಹತ್ತುವ ಮೊದಲು ಅಲ್ಲಿ ಬಸ್ಸು ನಿಂತೇ ನಿಲ್ಲುತ್ತದೆ, ಟ್ರಾಫಿಕ್ಕಿಗೆ. ನೋಡಬಾರದೆಂದುಕೊಂಡು ನೋಡುತ್ತಿದ್ದೆ. ಒಂದು ಸಂಜೆ ಇಳಿದೇಬಿಟ್ಟೆ. ಗೇಟಿನ ಸೆಕ್ಯುರಿಟಿಯವರು "ಅಪಾಯಿಂಟ್‌ಮೆಂಟ್ ಇದ್ಯಾ ಮೇಡಂ?" ಎಂದರು. ಇಲ್ಲ ಎಂದೆ. ಪಾಪ, ಆತ ಮೇಲಕ್ಕೆ ಫೋನ್ ಮಾಡಿ ನನ್ನ ಹೆಸರು ಹೇಳಿದರು. ಕೇಳಿಸಿಕೊಂಡು ನನ್ನ ಮುಖ ನೋಡದೆ, "ಅವ್ರು ಸೀಟಲ್ಲಿಲ್ವಂತೆ" ಎಂದರು. ಸೀಟಿನಲ್ಲಿಲ್ಲದಿದ್ದರೆ ಮೇಲೆ ಮಾತಾಡಿದ್ದು ಯಾರು ಎಂದು ಕೇಳಬೇಕೆಂದುಕೊಂಡೆ. ಜಗಳವಾಡಿದ್ದು ಗೊತ್ತಾಗಿ, ಬರುವ ಲೆಟರೂ ನಿಂತುಹೋದರೆ ಎಂಬ ಭಯ. ಥ್ಯಾಂಕ್ಸ್ ಹೇಳಿ ಬಂದೆ.

ಕಾರಣ ಹೇಳದೆ ಬಿಟ್ಟವರಿಗೆ ಕಾರಣವನ್ನು ನಾವೇ ಹುಡುಕಿ ಕೊಡುತ್ತೇವೆ. ಇಳಕಲ್ ಸೀರೆ ಉಟ್ಟದ್ದು ತಪ್ಪಾಯಿತೇ? "ಮನೆಗೆ ಹತ್ತಿರ ಅಂತ ಬರ್ತಾ ಇದೀನಿ" ಎಂದು ನಿಜ ಹೇಳಿದ್ದು ಸೋಮಾರಿತನ ಅನ್ನಿಸಿತೇ? ನನ್ನ ಇಂಗ್ಲಿಷಿನಲ್ಲಿ ಗದಗು ಇಣುಕಿತೇ? ವಯಸ್ಸೇ? ಒಂದೊಂದು ದಿನ ಒಂದೊಂದು ಅಪರಾಧ ಒಪ್ಪಿಕೊಳ್ಳುತ್ತಿದ್ದೆ. ಪೊಲೀಸರು ಹೊಡೆದು ಬಾಯಿ ಬಿಡಿಸುತ್ತಾರಂತೆ, ಇವರು ಸುಮ್ಮನಿದ್ದು ಬಿಡಿಸಿದರು.

ಆಫೀಸಿನಲ್ಲಿ ಇದು ಯಾರಿಗೂ ಗೊತ್ತಿಲ್ಲ. "ಪಾರ್ಟಿ ಯಾವಾಗ ಮೇಡಂ?" ಎಂದು ಸ್ಟೋರ್ಸಿನವರು ಕೇಳುತ್ತಿದ್ದರು. ನನಗೆ ಬೀಳ್ಕೊಡುಗೆಯಾಗಿ ಗೋಡೆ ಗಡಿಯಾರ ಕೊಡುವುದೋ ಬೆಳ್ಳಿ ದೀಪ ಕೊಡುವುದೋ ಎಂಬ ಚರ್ಚೆ ನನ್ನ ಕಿವಿಗೇ ಬೀಳುತ್ತಿತ್ತು. ನಗುತ್ತಿದ್ದೆ. ನಕ್ಕು ನಕ್ಕು ದವಡೆ ನೋಯುತ್ತಿತ್ತು.

ಮ್ಯಾನೇಜರ ಬಳಿ ಹೋಗಿ ರಾಜೀನಾಮೆ ವಾಪಸ್ ಕೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ದಿನಾ ಬೆಳಿಗ್ಗೆ ಅದೇ ನಿರ್ಧಾರ ಮಾಡಿ ಮನೆ ಬಿಡುತ್ತಿದ್ದೆ. ಸಂಜೆ ಯಜಮಾನರು, "ಇವತ್ತ ವಾಪಸ್ ತಗೊಂಡು ನಾಳೆ ಲೆಟರ್ ಬಂದ್ರ ಏನ್ ಮಾಡ್ತಿ?" ಎನ್ನುತ್ತಿದ್ದರು. ಮೊದಲು ಅನುಮಾನಪಟ್ಟವರೇ ಈಗ ನನಗಿಂತ ಹೆಚ್ಚು ಆಸೆ ಇಟ್ಟುಕೊಂಡಿದ್ದರು. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಅರ್ಥವಾದದ್ದು ಆಗ.

ಶ್ರಾವಣ ಅರ್ಧ ಕಳೆದಿತ್ತು. ಒಂದು ಬೆಳಿಗ್ಗೆ ಮ್ಯಾನೇಜರು ಕರೆದರು. "ನಿಮ್ ಜಾಗಕ್ಕೆ ಇವತ್ತು ಇಂಟರ್‌ವ್ಯೂ ಇದೆ ಮೇಡಂ. ನೀವೂ ಕೂತ್ಕೊಳಿ. ಈ ಕೆಲ್ಸ ನಿಮ್ಗೆ ಗೊತ್ತಿರೋಷ್ಟು ನಂಗೆಲ್ಲಿ ಗೊತ್ತು?"

ನಮ್ಮ ಕಾರ್ಖಾನೆಯಲ್ಲಿ ಇದು ಪದ್ಧತಿ. ಹೋಗುವವರೇ ಬರುವವರನ್ನು ಆರಿಸಿಕೊಟ್ಟು ಹೋಗಬೇಕು. ಹಿಂದೆ ಇದೇ ಕೋಣೆಯಲ್ಲಿ ನನ್ನನ್ನೂ ಹೀಗೆಯೇ ಆರಿಸಿದ್ದರು. ಮ್ಯಾನೇಜರ ಪಕ್ಕದ ಕುರ್ಚಿಯಲ್ಲಿ ಕೂತೆ. ಕೈಗಳನ್ನು ಮೇಜಿನ ಕೆಳಗೆ ಸೆರಗಿನಲ್ಲಿ ಸುತ್ತಿಕೊಂಡೆ.

ಬಂದವರಲ್ಲಿ ಒಬ್ಬರು ಯಲಹಂಕದ ಆಚೆಯ ಹಳ್ಳಿಯವರು. ಮೂವತ್ತರ ಆಸುಪಾಸು. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಚಿಕ್ಕ ವಿಭೂತಿ. ಯಾವುದೋ ಸಣ್ಣ ವರ್ಕ್‌ಶಾಪಿನಲ್ಲಿ ಖರೀದಿ ನೋಡಿಕೊಳ್ಳುತ್ತಿದ್ದರು. ಪ್ರತಿ ಮಾತನ್ನೂ ತೂಗಿ, ಹುಷಾರಾಗಿ ಆಡುತ್ತಿದ್ದರು. ಪ್ರಶ್ನೆ ಕೇಳುವ ಸರದಿ ನನ್ನದಾಯಿತು. ಎಡವುವಂಥ ಪ್ರಶ್ನೆ ಕೇಳಿ ಇವರನ್ನು ಬೀಳಿಸಿಬಿಡಬಹುದು ಎಂದು ಹೊಳೆಯಿತು. ನಿಜಕ್ಕೂ ಗಟ್ಟಿ ಪ್ರಶ್ನೆಯನ್ನೇ ಕೇಳಿದೆ. "ನಾಳೆ ಪಂಪ್ ಲಾರಿಗೆ ಲೋಡ್ ಆಗ್ಬೇಕು, ಇವತ್ತು ಸಪ್ಲೈಯರ್ ಕಳ್ಸಿದ ಪಂಪ್ ಬಾಡಿ ಕಾಸ್ಟಿಂಗ್‌ನಲ್ಲಿ ತೂತು ಬಿದ್ದಿದೆ. ಏನ್ ಮಾಡ್ತೀರಾ?"

"ಮೊದ್ಲು ಒಳ್ಳೇದೆಷ್ಟಿದೆ ಅಂತ ಬೇರೆ ಮಾಡ್ತೀನಿ ಮೇಡಂ. ಅಷ್ಟನ್ನ ಮೆಷಿನ್‌ಗೆ ಹಾಕ್ಸಿ, ಮಿಕ್ಕಿದ್ದಕ್ಕೆ ಸಪ್ಲೈಯರ್ ಮನೆ ಬಾಗ್ಲಲ್ಲೇ ಹೋಗಿ ಕೂತ್ಕೋತೀನಿ. ಫೋನಲ್ಲಿ ಆಗೋ ಕೆಲ್ಸ ಅಲ್ಲ ಅದು."

ಸರಿಯಾದ ಉತ್ತರ. ನಾನು ಇಷ್ಟು ವರ್ಷ ಮಾಡಿದ್ದೂ ಅದನ್ನೇ. ಮ್ಯಾನೇಜರು ಖುಷಿಯಾಗಿ ಕುರ್ಚಿಗೆ ಒರಗಿದರು. "ಎಷ್ಟ್ ಬೇಗ ಬರ್ತೀರಾ?" ಎಂದರು. ಒಂದು ತಿಂಗಳ ನೋಟಿಸ್ ಇದೆ ಎಂದರು ಆತ. "ಹಾಗಾದ್ರೆ ಪೇಪರ್ ಹಾಕ್ಬಿಡಿ. ಲೆಟರ್ ಹಿಂದೇನೇ ಬರುತ್ತೆ. ಮೇಡಂ ನಂಬರ್ ಇಟ್ಕೊಳಿ, ಏನಿದ್ರೂ ಅವ್ರನ್ನೇ ಕೇಳಿ."

ನಾನು ತಿರುಗಿ ಮ್ಯಾನೇಜರ ಮುಖ ನೋಡಿದೆ. ಮ್ಯಾನೇಜರು ಕೆಟ್ಟವರಲ್ಲ, ಮೋಸ ಅವರ ಮನಸ್ಸಿನಲ್ಲಿರಲಿಲ್ಲ. ಎದುರಿಗೆ ಕೂತಿದ್ದವರ ಮುಖ ಮಾತ್ರ ಅರಳಿತು. ಆ ಅರಳಿದ ಮುಖ ನೋಡಲಾರದೆ ನಾನು ನಂಬರು ಬರೆದುಕೊಡುವ ನೆಪದಲ್ಲಿ ತಲೆ ತಗ್ಗಿಸಿದೆ.

ಆತ ಹೊರಗೆ ಹೋದರು. ಇನ್ನು ಬಾಯಿ ಬಿಡದಿದ್ದರೆ ಮುಗಿಯಿತು ಎಂದು, "ಸರ್, ನಾನು ಹೋಗಲ್ಲ" ಎಂದೆ.

ಮ್ಯಾನೇಜರು ಮೊದಲು ತಮಾಷೆ ಎಂದುಕೊಂಡರು. ನಾನು ಎಲ್ಲ ಹೇಳಿದೆ, ಮಧ್ಯೆ ಅಳುವೂ ಬಂತು. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಲೆಟರ್ ಇಲ್ದೆ ಪೇಪರ್ ಹಾಕಿದ್ರಾ? ನೀವು? ಸಪ್ಲೈಯರ್ ಹತ್ರ ಬರವಣಿಗೇಲಿ ಇಲ್ದೆ ಒಂದು ನಟ್ಟೂ ತಗೊಳಲ್ವಲ್ರೀ ನೀವು!"

ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿಲ್ಲ. ಆಷಾಢದ ಸಂಗತಿಯನ್ನು ಹೇಳಲೇ ಇಲ್ಲ.

"ನೋಡೋಣ" ಎಂದರು ಕೊನೆಗೆ. "ಮಾಲೀಕ್ರು ಊರಲ್ಲಿಲ್ಲ, ಬಂದ್ಮೇಲೆ ಕೇಳ್ತೀನಿ. ಒಪ್ತಾರೋ ಇಲ್ವೋ ಗೊತ್ತಿಲ್ಲ. ಅಲ್ಲೀವರ್ಗೂ ಆ ಹುಡ್ಗಂಗೆ ಹೌದು ಅನ್ಬೇಡಿ, ಇಲ್ಲಾನೂ ಅನ್ಬೇಡಿ. ಫೋನ್ ಬಂದ್ರೆ ಎತ್ಲೇಬೇಡಿ. ನಿಮ್ದು ಆಗ್ಲಿಲ್ಲ ಅಂದ್ರೆ ಕೈಲಿ ಒಬ್ಬ ಇರ್ಬೇಕಲ್ಲ."

ಮರುದಿನ ಬೆಳಿಗ್ಗೆ ನಾನಿನ್ನೂ ಬಸ್ಸಿನಲ್ಲಿದ್ದಾಗಲೇ ಆ ನಂಬರಿನಿಂದ ಕರೆ ಬಂತು. ಎತ್ತಲಿಲ್ಲ. ಮತ್ತೆ ಬಂತು. ಫೋನು ಕೈಯಲ್ಲಿ ನಡುಗುತ್ತಲೇ ಇತ್ತು. ಪಕ್ಕದ ಸೀಟಿನ ಹೆಂಗಸು "ಫೋನು..." ಎಂದಳು. "ಯಾವ್ದೋ ಲೋನ್‌ನೋರು" ಎಂದು ಸುಳ್ಳು ಹೇಳಿ ಬ್ಯಾಗಿಗೆ ಹಾಕಿದೆ. ಎತ್ತಿ ನಿಜ ಹೇಳಿದರೆ ಆತ ನೇರ ಮ್ಯಾನೇಜರಿಗೇ ಫೋನ್ ಮಾಡಿ ಕೇಳಬಹುದು. ಇವಳು ತನ್ನ ಸೀಟು ಉಳಿಸಿಕೊಳ್ಳಲು ಬರುವವನನ್ನು ಓಡಿಸಿದಳು ಎಂದಾಗುತ್ತದೆ. ಆಮೇಲೆ ಮಾಲೀಕರು ನನ್ನ ಪರವಾಗಿ ಯಾಕೆ ಮನಸ್ಸು ಮಾಡುತ್ತಾರೆ? ಆ ದಿನವೆಲ್ಲ ಒಂದು ಕೊಟೇಶನ್ನೂ ನನ್ನ ತಲೆಗೆ ಹತ್ತಲಿಲ್ಲ.

ಸಂಜೆ ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ನಿಂದು ಗಟ್ಟಿ ಆಗೂತನ ಬಾಯಿ ಬಿಡಬ್ಯಾಡ. ಮೊದಲ ನಮ್ಮ ಮನಿ ನೋಡ್ಕೋ" ಎಂದರು. ತಪ್ಪಲ್ಲ ಆ ಮಾತು. ತಾವು ಕಳಿಸಿದ ಅರ್ಜಿಗಳಿಗೆ ಒಂದು ಸಾಲಿನ ಉತ್ತರವೂ ಬಾರದೆ ಕೂತಿರುವ ಮನುಷ್ಯ. ಅವರ ಬೆನ್ನು ನೋಡುತ್ತ ನಿಂತೆ. ಆ ಲ್ಯಾಪ್‌ಟಾಪಿನ ಬೆಳಕಿನಲ್ಲಿ ಅವರು ಬಹಳ ಮುದುಕರಾಗಿ ಕಂಡರು. ಹಾಲು ತರುತ್ತೇನೆಂದು ಹೇಳಿ ಹೊರಗೆ ಬಂದು, ರಸ್ತೆಯ ತಿರುವಿನಲ್ಲಿ ನಿಂತು ಆ ನಂಬರಿಗೆ ಫೋನ್ ಮಾಡಿದೆ.

"ಪೇಪರ್ ಹಾಕ್ಬೇಡಿ" ಎಂದೆ. ನಮಸ್ಕಾರವನ್ನೂ ಹೇಳಲಿಲ್ಲ.

"ಬೆಳಿಗ್ಗೇನೇ ಆಕ್ಬಿಟ್ನಲ್ಲ ಮೇಡಂ" ಎಂದರು. ಸಂದರ್ಶನದ ಹುಷಾರಿ ಮಾತು ಹೋಗಿ ಊರಿನ ಮಾತು ಬಂದಿತ್ತು. "ಒಂದ್ಸಲ ಕೇಳಿ ಆಕಣ ಅಂತ ನಿಮ್ಗೆ ಪೋನ್ ಮಾಡ್ದೆ. ನೀವು ಎತ್ತಲಿಲ್ಲ. ಸರ್ ಏಳಿದ್ರಲ್ಲ, ಅಂಗಾಗಿ ಆಕ್ದೆ. ಯಾಕ್ ಮೇಡಂ, ನಾನ್ ಏನಾರ ತಪ್ ಏಳಿದ್ನಾ?"

"ಇಲ್ಲ. ನೀವು ಚೆನ್ನಾಗಿ ಹೇಳಿದ್ರಿ. ತಪ್ಪು ನಿಮ್ದಲ್ಲ. ಸೀಟು ನಂದು, ನಾನು ಹೋಗದೇ ಇರಬಹುದು. ಏನೂ ತೀರ್ಮಾನ ಆಗಿಲ್ಲ." ಉಸಿರು ಬಿಡದೆ ಹೇಳುತ್ತಿದ್ದೆ. "ಈಗ್ಲೇ ನಿಮ್ಮ ಮಾಲೀಕರ ಮನೆಗೆ ಹೋಗಿ. ನಾಳೆ ಅನ್ಬೇಡಿ. ಬಾಗಿಲಲ್ಲೇ ಕೂತು ವಾಪಸ್ ಕೇಳಿ. ನಾನು ಕಾಯ್ತಾ ಕೂತು ಕೆಟ್ಟೆ."

"ಊಂ ಮೇಡಂ" ಎಂದು ಇಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ವಾರವಿಡೀ ನನಗೆ ಎರಡು ಭಯ. ಮಾಲೀಕರು ಇಲ್ಲ ಎಂದರೆ ನನ್ನ ಮನೆಯ ಗತಿಯೇನು, ಹೌದು ಎಂದರೆ ಆತನ ಗತಿಯೇನು. ಎರಡನೆಯ ಭಯ ಚಿಕ್ಕದು ಎಂದು ಹೇಳಿದರೆ ಸುಳ್ಳಾಗುವುದಿಲ್ಲ. ರಾತ್ರಿ ಎಚ್ಚರವಾದಾಗ ಮಾತ್ರ ಎರಡೂ ಒಂದೇ ಅಳತೆಯವಾಗಿರುತ್ತಿದ್ದವು.

ಮಾಲೀಕರು ಬಂದರು, ಒಪ್ಪಿದರು. ಮ್ಯಾನೇಜರು ನನ್ನ ಟೇಬಲ್ಲಿನ ಬಳಿಗೇ ಬಂದು ಹೇಳಿದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ನನಗೆ ಆ ಕ್ಷಣ ನಿಜಕ್ಕೂ ಹಾಗೇ ಅನ್ನಿಸಿತು. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು ಮನಸಾರೆ ಅತ್ತೆ. ಸ್ಟೋರ್ಸಿನವರು ನನಗೆಂದು ಆಗಲೇ ತಂದಿಟ್ಟಿದ್ದ ಗಡಿಯಾರವನ್ನು ಅಂಗಡಿಗೆ ವಾಪಸ್ ಕೊಟ್ಟು, ಆ ದುಡ್ಡಿನಲ್ಲಿ ಎಲ್ಲರಿಗೂ ಜಿಲೇಬಿ ತರಿಸಿದರು. ನಾನೂ ತಿಂದೆ. ಬಹಳ ದಿನಗಳ ಮೇಲೆ ಗಂಟಲಲ್ಲಿ ಇಳಿಯಿತು.

"ಆ ಯಲಹಂಕದ ಹುಡ್ಗಂಗೆ ಏನ್ ಹೇಳೋದು ಸರ್?" ಎಂದೆ.

"ಏನೂ ಹೇಳೋದ್ ಬೇಡ. ಒಂದೆರಡ್ ಸಲ ಫೋನ್ ಮಾಡಿ ಸುಮ್ನಾಗ್ತಾನೆ, ಎಲ್ರೂ ಹಾಗೇ" ಎಂದರು ಮ್ಯಾನೇಜರು, ಜಿಲೇಬಿಯ ಕೈ ಒರೆಸಿಕೊಳ್ಳುತ್ತ.

ಆದರೆ ಆ ಸಂಜೆಯ ನಂತರ ಆತ ಫೋನ್ ಮಾಡಿರಲೇ ಇಲ್ಲ. ಮಾಡಬೇಕಾದವಳು ನಾನು. ಊಟದ ಹೊತ್ತಿನಲ್ಲಿ ಗೇಟಿನ ಹೊರಗೆ, ಲಾರಿಗಳು ನಿಲ್ಲುವ ಕಡೆ ಹೋಗಿ ನಂಬರು ಒತ್ತಿದೆ. ರಿಂಗಾಗತೊಡಗಿತು. ಎತ್ತದಿರಲಿ ದೇವರೇ, ಎತ್ತದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ ಎಂಬುದು ನನ್ನ ಅರಿವಿಗೆ ಬಂದದ್ದು ಆಗ. ಎಚ್‌ಆರ್ ಹುಡುಗಿಯ ಆ ಉಸಿರಿಲ್ಲದ ಕ್ಷಣ ಸೊಕ್ಕಲ್ಲ, ಅವಳೂ ಹೆದರಿದ್ದಳು. ಹಾಗೆಂದು ನಾನವಳನ್ನು ಕ್ಷಮಿಸಿಲ್ಲ. ಹೆದರಿಕೊಂಡೇ ಫೋನ್ ಮಾಡಲು ಬರುತ್ತದೆ, ನಾನು ಮಾಡುತ್ತಿದ್ದೆನಲ್ಲ.

ಎತ್ತಿದರು. ಹಿಂದೆ ಮಗುವಿನ ಅಳು ಕೇಳುತ್ತಿತ್ತು, ಮಧ್ಯಾಹ್ನದ ಹೊತ್ತಿನಲ್ಲಿ ಮನೆಯಲ್ಲಿದ್ದರು.

"ಏನಾಯ್ತು?" ಎಂದೆ.

"ಕೊಡ್ಲಿಲ್ಲ ಮೇಡಂ. ಓಗೋನು ಓಗು ಅಂದ್ಬಿಟ್ರು. ಲೆಕ್ಕ ಮುಗ್ಸಿ ಕಳ್ಸುದ್ರು. ನಿಮ್ದು?"

"ನಂದು ಆಯ್ತು" ಎಂದೆ. ನನ್ನ ಮನೆಯಿಂದ ಎದ್ದು ಹೋದ ಭಯ ಯಲಹಂಕದ ಆಚೆ ಇನ್ನೊಂದು ಮನೆಯಲ್ಲಿ ಹೋಗಿ ಕೂತಿತ್ತು.

"ಒಳ್ಳೇದಾಯ್ತು ಬಿಡಿ ಮೇಡಂ" ಎಂದರು. ವ್ಯಂಗ್ಯವಿರಲಿಲ್ಲ. ಮಗು ಅಳುತ್ತಲೇ ಇತ್ತು, ಯಾರೋ ಎತ್ತಿಕೊಂಡು ಆಚೆ ಹೋದರು. "ಎಲ್ಲಾದ್ರೂ ಕೆಲ್ಸ ಇದ್ರೆ ಏಳಿ ಮೇಡಂ."

"ಹೇಳ್ತೀನಿ" ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು, ಲಿಫ್ಟಿನ ಬಾಗಿಲಲ್ಲಿ ಅವಳು ಕೊಟ್ಟಂಥದೇ ಬಾಯಿಮಾತನ್ನು ನಾನೂ ಕೊಟ್ಟಿದ್ದೆ.